ಸಾಲಿನಿಂದ ಕಾಣೆಯಾದ ತೊಂಬತ್ತು ಕ್ಯಾನು

ಬೆಟ್ಟದಪುರದಿಂದ ನೂರಾ ಎಂಬತ್ತು ಕ್ಯಾನು ಹಾಲು ಹುಣಸೂರಿನ ಡೈರಿಗೆ ಬಂದಿತ್ತು. ಒಂದೊಂದು ಕ್ಯಾನಿನ ವಿವರವೂ ಅಲ್ಲಿಂದ ಫೋನ್ ಲೈನಿನಲ್ಲಿ ಸಂದೇಶವಾಗಿ ಬರುತ್ತಿತ್ತು. ಡೈರಿಯ ಸರ್ವರಿನಲ್ಲಿ ಇದ್ದದ್ದು ತೊಂಬತ್ತರ ವಿವರ. ಉಳಿದ ತೊಂಬತ್ತರ ಅಳತೆ, ಜಿಡ್ಡು ಎಲ್ಲ ಮಾಯ. ಹೀಗಾಗುತ್ತಿರುವುದು ಇದು ಮೂರನೆಯ ದಿನ.

ಮಾಲೀಕ ಕಂಠಪ್ಪ ಶಾಂಭವಿಯನ್ನು ಕರೆದರು.

"ಬೃಂದಾ ಕೂರಿಸಿದ ಹೊಸ ವ್ಯವಸ್ಥೆ ಕಣಮ್ಮ. ನೀನೇ ನೋಡು. ಅವಳ ತಪ್ಪಾದ್ರೆ ಸಂಜೆಗೇ ಕಳಿಸ್ಬುಡ್ತೀನಿ. ಆ ಕುರ್ಚಿ ನಿಂದೇ."

ಶಾಂಭವಿ ಡೈರಿಯಲ್ಲಿ ಕೆಲಸ ಮಾಡುತ್ತಲೇ ಮೂರು ವರ್ಷ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತವಳು. ಬೃಂದಾ ಎಂಜಿನಿಯರಿಂಗ್ ಓದಿದವಳು. ಬಂದು ಎರಡೇ ತಿಂಗಳು, ಆಗಲೇ ಫ್ಯಾನಿನ ಕೆಳಗಿನ ಕುರ್ಚಿ ಅವಳದ್ದು. ತಪ್ಪು ಅವಳದ್ದೇ ಆಗಿರಲಿ ಎಂದು ಶಾಂಭವಿಯ ಮನಸ್ಸು ಬೇಡಿಕೊಂಡಿತು. ಹಾಗೆ ಬೇಡಿಕೊಂಡದ್ದಕ್ಕೇ ಎಲ್ಲವನ್ನೂ ಎರಡೆರಡು ಸಲ ನೋಡಿದಳು.

*

ಫೋನ್ ಲೈನು ಕೆಟ್ಟಿರಬಹುದೇ? ಕೆಟ್ಟಿದ್ದರೆ ಒಂದೇ ಕಡೆ ಹತ್ತಿಪ್ಪತ್ತು ಹೋಗಬೇಕಿತ್ತು. ಇಲ್ಲಿ ಕ್ಯಾನು ಒಂದು, ಮೂರು, ಐದು ಇವೆ. ಎರಡು, ನಾಲ್ಕು, ಆರು ಇಲ್ಲ.

"ಅಕ್ಕಾ, ಸರ್ವರಿನೊಳಗೆ ಒಂದು ಸಾಲು ಮಾಡಿದೀನಿ ಅಷ್ಟೆ," ಎಂದಳು ಬೃಂದಾ. ಕಣ್ಣು ಕೆಂಪಾಗಿತ್ತು. "ಸಂದೇಶ ಬಂದು ಸಾಲಲ್ಲಿ ನಿಲ್ಲುತ್ತೆ. ನಮ್ಮ ಪ್ರೋಗ್ರಾಮು ಕೇಳಿದ ಹಾಗೆ ಒಂದೊಂದೇ ಕೊಡುತ್ತೆ. ಕೊಟ್ಟಿದ್ದು ಸಾಲಿಂದ ಹೋಯ್ತು."

"ಇನ್ನೊಂದು ಪ್ರೋಗ್ರಾಮೂ ಕೇಳಿದ್ರೆ?"

"ಇದಕ್ಕೊಂದು, ಅದಕ್ಕೊಂದು. ಆದ್ರೆ ಇನ್ನೊಂದಿಲ್ಲ. ಮೊದಲು ಹಳೇ ಕಂಪ್ಯೂಟರ್ ಮಿಷನ್ನಲ್ಲಿ ಪ್ರಯೋಗ ಮಾಡಿದ್ದೆ. ಅದು ಉಗ್ರಾಣ ಸೇರಿದೆ."

ಪಕ್ಕದ ಮೇಜಿನ ವಿರೂಪಾಕ್ಷ ನಕ್ಕ. ಆರು ವರ್ಷ ಆ ಹಳೇ ಮಿಷನ್ ನಡೆಸಿದವನು ಅವನೇ. "ಅದು ಆಫಾಗಿ ತಿಂಗಳಾಯ್ತು ಕಣ್ರೀ. ನಂದು ಒಂದು ಕ್ಯಾನೂ ನುಂಗಿರ್ಲಿಲ್ಲ."

*

ಶಾಂಭವಿ ಕಂಠಪ್ಪನವರ ಬಳಿಯಿದ್ದ ಬೀಗದ ಕೈ ತಂದು ಉಗ್ರಾಣ ತೆರೆದಳು. ಹಳೇ ಮಿಷನ್ನಿಗೆ ಗೋಣಿ ಹೊದಿಸಿತ್ತು. ಅದರ ಮೇಲೊಂದು ಸೇವಂತಿಗೆ, ಇನ್ನೂ ಬಾಡಿರಲಿಲ್ಲ. ಕಸ ಗುಡಿಸುವ ಮಂಗಳಮ್ಮ ಪ್ರತಿ ಶುಕ್ರವಾರ ಮಿಷನ್ನುಗಳಿಗೆ ಹೂವಿಡುತ್ತಿದ್ದಳು. ನಿನ್ನೆ ಶುಕ್ರವಾರ. ಶಾಂಭವಿ ಅವಳನ್ನು ಕರೆದಳು.

"ಮಂಗಳಮ್ಮ, ನಿಂತೋದ ಮಿಷನ್ಗೆ ಯಾಕೆ ಹೂವು?"

"ನಿಂತೋದುಕ್ಕೆ ನಾನ್ಯಾಕವ್ವ ಊ ಮಡಗ್ಲಿ? ಬೆಚ್ಚಗಿತ್ತು, ದೀಪ ಉರೀತಿತ್ತು. ಬೀಗ ತಗುದ್ದೋರೇ ವಿರೂಪಾಕ್ಷಪ್ಪೋರು. ಯಾರ್ಗೂ ಏಳ್ಬ್ಯಾಡ ಅಂದ್ರು. ನೀನು ಕೇಳ್ದೆ, ಏಳ್ದೆ."

ಶಾಂಭವಿ ಗೋಣಿ ಎತ್ತಿದಳು. ಮಿಷನ್ನು ಗುಂಯ್‌ಗುಡುತ್ತಿತ್ತು. ಪರದೆಯಲ್ಲಿ ಎರಡು, ನಾಲ್ಕು, ಆರು. ತೊಂಬತ್ತೂ ಅಲ್ಲೇ ಇದ್ದವು.

ಗೋಣಿ ಮತ್ತೆ ಮುಚ್ಚಿದರೆ ಫ್ಯಾನಿನ ಕೆಳಗಿನ ಕುರ್ಚಿ ತನ್ನದು. ಗೋಣಿಯ ಅಂಚನ್ನು ಹಿಡಿದುಕೊಂಡೇ ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕಂಠಪ್ಪನವರನ್ನೂ ವಿರೂಪಾಕ್ಷನನ್ನೂ ಅಲ್ಲಿಗೇ ಕರೆಸಿದಳು.

*

"ಬೃಂದಾ ಮಾಡಿದ್ದು ಸರಿಯಾಗೇ ಇದೆ ಸಾರ್. ಅವಳ ಪ್ರಯೋಗದ ಪ್ರೋಗ್ರಾಮು ಇದರಲ್ಲೇ ಉಳಿದಿತ್ತು. ಮಿಷನ್ ಹಾಕಿ ತಂತಿ ಸಿಗಿಸಿದ್ರೆ ಸಾಕು, ಅದೇ ಸಾಲನ್ನ ಇದೂ ಕೇಳುತ್ತೆ. ಅದಕ್ಕೇ ಒಂದು ಬಿಟ್ಟು ಒಂದು ಹೋಗಿದ್ದು. ಮಂಗಳಮ್ಮ ಓಡೋ ಮಿಷನ್ಗೆ ಮಾತ್ರ ಹೂವಿಡೋದು. ನಿಮ್ಮನ್ನ ಬಿಟ್ರೆ ಬೀಗದ ಕೈ ಇರೋದು ವಿರೂಪಾಕ್ಷ ಅವರ ಹತ್ರ ಮಾತ್ರ."

ವಿರೂಪಾಕ್ಷ ಅಲ್ಲಗಳೆಯಲಿಲ್ಲ. "ಆರು ವರ್ಷ ನಡೆಸಿದ್ದೆ ಸಾರ್. ಎರಡು ತಿಂಗಳಲ್ಲಿ ಗೋಣಿ ಹೊದಿಸಿದ್ಲು." ಶಾಂಭವಿಯತ್ತ ತಿರುಗಿದ. "ನಿಂಗೆ ಹೊಟ್ಟೆ ಉರೀತಿರ್ಲಿಲ್ವಾ?"

ಬೃಂದಾ ಬಾಗಿಲಲ್ಲೇ ನಿಂತಿದ್ದಳು.

"ಉರೀತಿತ್ತು," ಎಂದಳು ಶಾಂಭವಿ. "ಈಗ್ಲೂ ಉರೀತಿದೆ."

ಮಿಷನ್ ಆಫ್ ಮಾಡಿ, ಅದರ ಮೇಲಿದ್ದ ಹೂವನ್ನು ಮಂಗಳಮ್ಮನ ಕೈಗೆ ಕೊಟ್ಟು, ಫ್ಯಾನಿಲ್ಲದ ತನ್ನ ಕುರ್ಚಿಗೆ ಹೋಗಿ ಕೂತಳು.