ಮಾಂತ್ರಿಕ ಕೇಳಿದ ಬಿಗಿ

ಹುಲಿಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಇದ್ದಿಲಪುರವೆಂಬ ರಾಜ್ಯವಿತ್ತು. ಅಲ್ಲಿ ಉದ್ದಂಡಯ್ಯನೆಂಬ ಮಾಂತ್ರಿಕನದೇ ದರ್ಬಾರು. ತನಗೆ ತಲೆಬಾಗದವರ ಕಣ್ಣಲ್ಲಿ ಕಣ್ಣಿಟ್ಟು ಮಂತ್ರ ಹೇಳಿ ಅವರನ್ನು ಆಡು ಮಾಡಿಬಿಡುತ್ತಿದ್ದ. ಬಾಗಿದರೆ ಕಿರೀಟ ಬೀಳುತ್ತದೆಂದು ಹಿಂದೆಮುಂದೆ ನೋಡಿದ ರಾಜ ಆಡಾದ. ಸೊಂಟ ಹಿಡಿದು ಬಾಗಲಾಗದ ಕಮ್ಮಾರ ಕಾಳಪ್ಪನೂ ಆಡಾದ.

ಕಾಳಪ್ಪನ ಹೆಂಡತಿಗೆ ಹೆಸರಷ್ಟೇ ಮೌನವ್ವ, ಬಾಯಿ ಬೊಂಬಾಯಿ. ಗಂಡ ಆಡಾದರೂ ಕುಲುಮೆಗೆ ಗಾಳಿಯೂದುವ ತಿದಿ ತುಳಿಯುವುದನ್ನು ಬಿಟ್ಟಿರಲಿಲ್ಲ. ಆದರೆ ಸಿಕ್ಕಿದ ಸೀರೆಯ ಸೆರಗನ್ನೆಲ್ಲ ತಿನ್ನುತ್ತಿದ್ದ. ಅವಳು ಬೈಯುತ್ತ ಕಬ್ಬಿಣ ಬಡಿಯುತ್ತಿದ್ದಳು, ಒಳಗೊಳಗೆ ಅಳುತ್ತಿದ್ದಳು. ಗಂಡ ಮತ್ತೆ ಗಂಡನಾಗಬೇಕು, ಅವಳಿಗೆ ಬೇರೇನೂ ಬೇಕಿರಲಿಲ್ಲ.

ಒಂದು ದಿನ ಕುಲುಮೆಯ ಮುಂದೆ ಹುಲಿಯೊಂದು ಬಂತು. ಅದರ ಬೆನ್ನ ಮೇಲೆ ಉದ್ದಂಡಯ್ಯ ತೊಯ್ದ ಕಂಬಳಿಯ ಹಾಗೆ ಜೋತುಬಿದ್ದಿದ್ದ.

"ಯವ್ವಾ, ಇವನ್ನ ಲಗೂನ ರಿಪೇರಿ ಮಾಡು," ಎಂದಿತು ಹುಲಿ. "ನನ್ನ ಬೆನ್ನು ಬಿದ್ದು ಹೋಗೈತಿ."

ಮಾಂತ್ರಿಕ ಒಂದು ಮಡಚುವ ಚಾಕು ಕೊಟ್ಟ. ಅವನ ಪ್ರಾಣ ಇದ್ದದ್ದು ಅದರಲ್ಲಿ. ಹಿಡಿಯ ಬೆನ್ನಿಗಿರುವ ಉಕ್ಕಿನ ಪಟ್ಟಿ, ಸ್ಪ್ರಿಂಗು ಅಂತೀವಲ್ಲ, ಅದು ಸೋತಿತ್ತು. ಅಲಗು ಬಿಚ್ಚಿದರೆ ನಿಲ್ಲದು, ಮಡಚಿದರೆ ಕೂರದು. ಒಡೆಯನದೂ ಅದೇ ಪಾಡು.

ಮೌನವ್ವ ಚಾಕು ಮೂಸಿದಳು. "ಇದಕ್ಕ ಬದನಿಕಾಯಿ ಚುಚ್ಚಿ ಕೆಂಡದ ಮ್ಯಾಲ ಸುಟ್ಟೀರೇನ್ರಿ?"

"ಸುಟ್ಟ ಬದನೆಕಾಯಿ ನನಗೆ ಬಲು ಇಷ್ಟ," ಎಂದ ಮಾಂತ್ರಿಕ, ನಾಚಿಕೊಂಡು.

"ಬೆಂಕಿಗೆ ಪಟ್ಟಿ ಹದಾನ ಕಳಕೊಂಡೈತಿ ನೋಡ್ರಿ."

ಮುರಿದೇಬಿಡಲೇ ಎನಿಸಿತು ಅವಳಿಗೆ. ಆದರೆ ಅವನು ಸತ್ತರೆ ಆಡಾದವರು ಆಡಾಗಿಯೇ ಉಳಿಯುತ್ತಾರೆ. ಹಲ್ಲು ಕಚ್ಚಿ ಕೆಲಸಕ್ಕೆ ಕೂತಳು. ಮೊಳೆ ಕಿತ್ತು, ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಮತ್ತೆ ಕೂಡಿಸಿ ಅಲಗು ಬಿಚ್ಚಿದಳು. ಚಾಕು "ಟಿಕ್" ಎಂದಿತು. ಮಾಂತ್ರಿಕನ ಕತ್ತು ನೆಟ್ಟಗಾಯಿತು.

"ಸಾಲದು! ಇನ್ನೂ ಬಿಗಿ ಬೇಕು!"

ಪಟ್ಟಿಯನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಳು; ಮಾಂತ್ರಿಕನಿಗೆ ಜ್ವರ ಏರಿ ಇಳಿಯಿತು. ತಿಕ್ಕಿ ಹೊಳಪು ಬರಿಸಿ, ನೀಲಿ ಬಣ್ಣ ಏರುವ ತನಕ ಹದವಾಗಿ ಕಾಯಿಸಿದಳು. ಅವನ ಮೂಗು ನೀಲಿಯಾಯಿತು. ಚಾಕು "ಟಕ್" ಎಂದಿತು. ಬೆನ್ನು ನೆಟ್ಟಗಾಯಿತು, ಮೀಸೆಯೂ ಎದ್ದು ನಿಂತಿತು.

"ಇಷ್ಟ ಸಾಕ್ರೀ. ಅತಿ ಆದ್ರ ಅಮೃತಾನೂ ವಿಷ."

"ಸಾಲದು! ಇನ್ನೂ ಬಿಗಿ ಮಾಡು, ಇಲ್ಲದಿದ್ದರೆ ನೀನೂ ಆಡಾಗ್ತೀಯ!"

"ನೀವ ಹೇಳಿದಂಗ ಆಗ್ಲಿ ಬಿಡ್ರಿ," ಎಂದು ಮೌನವ್ವ ಪಟ್ಟಿಯನ್ನು ಇನ್ನಷ್ಟು ಬಾಗಿಸಿ ಮೊಳೆ ಬಡಿದಳು. ಆಮೇಲೆ ಎರಡೂ ಕೈ ಹಾಕಿ, ಮೊಣಕಾಲು ಊರಿ, ಅಲಗನ್ನು ಮಡಚಿದಳು. "ಠಣ್!" ಮಾಂತ್ರಿಕನೂ ಸೊಂಟದಲ್ಲಿ ಮಡಚಿಕೊಂಡ. ಮೂಗು ಮೊಣಕಾಲಿಗೆ ಬಡಿಯಿತು.

"ತೆರೆಯೇ!" ಎಂದು ಕೂಗಿದ. ಅವಳು ಉಗುರು ಹಾಕಿದಳು. ಉಗುರು ಮುರಿಯಿತು. ಸಿಟ್ಟಿಗೆದ್ದ ಮಾಂತ್ರಿಕ ಆಡಿನ ಮಂತ್ರ ಹೇಳಿಯೇಬಿಟ್ಟ. ಎದುರಿಗೆ ಇದ್ದದ್ದು ಅವನ ಪಾದವೇ, ಅದು ಗೊರಸಾಯಿತು. ಹುಲಿ ನಕ್ಕು ನಕ್ಕು ನೆಲಕ್ಕುರುಳಿತು.

"ಇಕ್ಕಳ ಹಾಕಿ ತೆರೀತೀನ್ರಿ," ಎಂದಳು ಮೌನವ್ವ. "ಮೊದ್ಲ ಆಡು ಆದವ್ರನ್ನೆಲ್ಲ ಮನಷ್ಯಾರನ್ನ ಮಾಡ್ರಿ."

ಬಿಡಿಸುವ ಮಂತ್ರಕ್ಕೆ ಕಣ್ಣು ನೋಡಬೇಕಾಗಿರಲಿಲ್ಲ. ಮಾಂತ್ರಿಕ ಅದನ್ನು ಮೊಣಕಾಲಿಗೇ ಗೊಣಗಿದ. ಅರಮನೆಯಲ್ಲಿ ರಾಜ ಬಾಯಲ್ಲಿದ್ದ ಹುಲ್ಲು ಉಗಿದ. ತಿದಿಯ ಮೇಲೆ ಕಾಳಪ್ಪ ನಿಂತಿದ್ದ, ಬಾಯಲ್ಲಿ ಸೆರಗಿನ ತುಂಡು. ಮೌನವ್ವ ಓಡಿಹೋಗಿ ಅವನನ್ನು ತಬ್ಬಿಕೊಂಡಳು. ಮನಸಾರೆ ಅತ್ತಳು. ಆಮೇಲೆ, "ಹಸರ ಸೀರಿ ಯಾಕ ತಿಂದ್ರಿ?" ಎಂದು ಜಗಳ ತೆಗೆದಳು.

ಕೊಟ್ಟ ಮಾತಿನಂತೆ ಇಕ್ಕಳ ಹಾಕಿ ಚಾಕು ಎಳೆದಳು. ಅಲಗು ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬರದು.

"ಇದು ನೀವ ಕೇಳಿದ ಬಿಗಿ ರೀ," ಎಂದಳು.

ಅಂದಿನಿಂದ ಉದ್ದಂಡಯ್ಯ ಅರಮನೆಯ ಬಾಗಿಲಲ್ಲಿ ಅರ್ಧ ಬಾಗಿ ನಿಂತ. ಯಾರ ಕಣ್ಣೂ ಅವನಿಗೆ ಕಾಣದು, ಮಂತ್ರವೂ ನಡೆಯದು. ಬಂದವರೆಲ್ಲ ತಮಗೇ ನಮಸ್ಕಾರವೆಂದು ತಿಳಿದು "ಇರ್ಲಿ, ಇರ್ಲಿ" ಎನ್ನುತ್ತ ಒಳಗೆ ಹೋಗುತ್ತಿದ್ದರು. ರಾಜ್ಯ ಸುಖವಾಗಿತ್ತು, ಹುಲಿಯ ಬೆನ್ನೂ ಸುಖವಾಗಿತ್ತು. ಕಾಳಪ್ಪನ ಸೊಂಟ ಮಾತ್ರ ಕೊನೆಯ ತನಕ ಬಾಗಲಿಲ್ಲ, ಬಾಗೆಂದು ಯಾರೂ ಅವನಿಗೆ ಹೇಳಲೂ ಇಲ್ಲ.