ನೀಲಿ ಅಂಗಿಯವರು

"ಊಹೂಂ, ಮೊದಲು ಕನ್ನಡಕ ತೆಗಿ ಚಿಕ್ಕಮ್ಮ! ತೆಗೆದು ಬ್ಯಾಗಿಗೆ ಹಾಕು."

ಕೆಫೆಯ ಬಾಗಿಲಿಗೆ ಇನ್ನು ಹತ್ತೇ ಹೆಜ್ಜೆ. ಚೂಟಿ ಚಿಕ್ಕಮ್ಮನಿಗೆ ಅಡ್ಡ ನಿಂತಿದ್ದಳು.

"ತೆಗೆದ್ರೆ ನಂಗೆ ನಿನ್ನ ಮೂಗೂ ಕಾಣಲ್ಲ ಕಣೇ."

"ನನ್ನ ಮೂಗು ನೋಡೋಕೆ ಬಂದಿದೀಯಾ? ಅವರನ್ನ ನಾನು ತೋರಿಸ್ತೀನಿ, ನೀನು ನಗ್ತಾ ಇರು. ಸಾಕು."

ಚಿಕ್ಕಮ್ಮ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ಯಾವ ಬೀದಿಯ ನಲ್ಲಿಯಲ್ಲಿ ಎಂಥ ನೀರು ಬರುತ್ತದೆ ಎನ್ನುವುದು ಅವಳಿಗೆ ಬಾಯಿಪಾಠ. ಅವಳ ಕನ್ನಡಕವೋ, ಬೆರಳಿನಷ್ಟು ದಪ್ಪ. ಹಿಂದೆ ಇಬ್ಬರನ್ನು ಹೀಗೇ, ಮದುವೆ ಮಾತಿಗೆ, ಕಾಫಿಗೆಂದು ಭೇಟಿಯಾಗಿದ್ದಳು. ಒಬ್ಬರು ಮತ್ತೆ ಫೋನೇ ಮಾಡಲಿಲ್ಲ. ಇನ್ನೊಬ್ಬರು "ನೀವು ಬರೀ ಪುಸ್ತಕದ ಹುಳು" ಎಂದು ಅರ್ಧ ಕಾಫಿಗೇ ಎದ್ದು ಹೋದರಂತೆ. ಆವತ್ತು ಚಿಕ್ಕಮ್ಮ ಊಟ ಮಾಡದೆ ಮಲಗಿದ್ದಳು. ಚೂಟಿಗೆ ಹೊಟ್ಟೆ ಉರಿದುಹೋಗಿತ್ತು. ಅದಕ್ಕೇ ಈ ಸಲ ಎಲ್ಲವನ್ನೂ ತಾನೇ ವಹಿಸಿಕೊಂಡಿದ್ದಳು.

"ಇನ್ನೊಂದ್ಸಲ ಹೇಳು, ಏನೇನು ಮಾಡಬಾರದು?"

"ಕೊಳಚೆ ನೀರಿನ ಮಾತು ಎತ್ತಬಾರದು. ಲೋಟ ಬೆಳಕಿಗೆ ಹಿಡಿದು ನೋಡಬಾರದು," ಎಂದು ಚಿಕ್ಕಮ್ಮ ಒಪ್ಪಿಸಿ, ಕನ್ನಡಕ ತೆಗೆದಳು.

ಕನ್ನಡಕದ ಕಷ್ಟ ಚೂಟಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ತಿಂಗಳ ಹಿಂದೆ ಅವಳಿಗೂ ಬಂದಿತ್ತು. ಮೊದಲ ದಿನವೇ ಹಿಂದಿನ ಬೆಂಚಿನ ಹುಡುಗ "ಸೋಡಾಬುಡ್ಡಿ!" ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂದಿನಿಂದ ಅವಳು ಮನೆಯಲ್ಲಿ ಹಾಕಿಕೊಂಡು ಹೊರಡುತ್ತಾಳೆ, ಬೀದಿಯ ತಿರುವಿನಲ್ಲಿ ತೆಗೆದು ಜೇಬಿಗೆ ಇಳಿಸುತ್ತಾಳೆ. ಇವತ್ತೂ ಅಷ್ಟೇ. ಕ್ಲಾಸಿನವರು ಯಾರಾದರೂ ಎದುರಾದರೆ? ಗಾಬರಿಯಲ್ಲಿದ್ದ ಚಿಕ್ಕಮ್ಮನಿಗೆ ಇದು ಗಮನಕ್ಕೇ ಬಂದಿರಲಿಲ್ಲ.

ಸಾಲದ್ದಕ್ಕೆ ಜೀವದ ಗೆಳತಿ ಉದ್ದಜಡೆ ಹದಿನೈದು ದಿನದಿಂದ ಮಾತು ಬಿಟ್ಟಿದ್ದಳು. ಯಾಕೆ ಎಂದರೆ "ನಿಂಗೇ ಗೊತ್ತು" ಎನ್ನುತ್ತಾಳೆ. ಇನ್ನೇನಿರುತ್ತದೆ? ಸೋಡಾಬುಡ್ಡಿಯ ಸಹವಾಸ ಬೇಡವಾಗಿರಬೇಕು.

ಇಬ್ಬರೂ ಒಳಗೆ ಹೋದರು.

"ನೀಲಿ ಅಂಗಿ ಹಾಕಿರ್ತೀನಿ ಅಂದಿದ್ರು. ಕಾಣ್ತಿದಾರಾ?"

ಚೂಟಿ ಕಣ್ಣು ಕಿರಿದು ಮಾಡಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಲ್ಲ ಮಸುಕು ಮಸುಕು. ಆ ಗೋಡೆಯ ಪಕ್ಕ ಮಾತ್ರ ಉದ್ದಕ್ಕೆ ಏನೋ ನೀಲಿ ಇತ್ತು.

"ಅಲ್ಲಿದಾರೆ! ಇಲ್ಲೇ ಕೂರೋಣ, ಅವರೇ ಬರಲಿ."

ಚಿಕ್ಕಮ್ಮ ನೀಲಿಯ ಕಡೆ ಮುಖ ಮಾಡಿ ಕೂತು ನಕ್ಕಳು. ನೀಲಿ ಅಲ್ಲಾಡಲಿಲ್ಲ.

"ನಮ್ಮ ಕಡೆ ನೋಡ್ತಿದಾರಾ?"

"ನೋಡ್ತಾನೇ ಇದಾರೆ. ಪಾಪ, ತುಂಬಾ ನಾಚಿಕೆ ಸ್ವಭಾವ ಅನ್ಸುತ್ತೆ."

ಹತ್ತು ನಿಮಿಷ ನಕ್ಕು ನಕ್ಕು ಚಿಕ್ಕಮ್ಮನ ಕೆನ್ನೆ ನೋಯತೊಡಗಿತು. ಆಗ ಕಾಫಿ ತಂದುಕೊಡುವ ಹುಡುಗಿ ಬಂದು, "ಯಾರಿಗಾದ್ರೂ ಕಾಯ್ತಿದೀರಾ?" ಎಂದಳು.

"ಅವರು ಆಗಲೇ ಬಂದಿದಾರಲ್ಲ, ಅಲ್ಲಿ," ಎಂದಳು ಚೂಟಿ.

"ಅದಾ? ಅದು ನಮ್ಮ ಅಡುಗೆಯವರ ಕೋಟು. ಗೂಟಕ್ಕೆ ನೇತು ಹಾಕಿದಾರೆ." ಹುಡುಗಿ ನಗು ತಡೆದುಕೊಂಡಳು. "ನೀಲಿ ಅಂಗಿಯವರು ಒಬ್ಬರು ಈ ಮೂಲೆಯಲ್ಲಿದ್ರು. ನಿಮಗೇ ಕೈಬೀಸ್ತಾ ಇದ್ರು. ಈಗಷ್ಟೇ ಎದ್ದು ಹೋದ್ರು."

ಚಿಕ್ಕಮ್ಮನ ಮುಖ ಬಾಡಿತು. ಅವಳು ಬ್ಯಾಗಿನಲ್ಲಿ ಕನ್ನಡಕ ಹುಡುಕತೊಡಗಿದಳು. ಮೂರನೆಯವರೂ ಹೋದರು, ಅದೂ ನನ್ನಿಂದ! ಚೂಟಿಗೆ ಅಳುವೇ ಬಂತು. ಜೇಬಿನಿಂದ ಕನ್ನಡಕ ಎಳೆದು ಮೂಗಿಗೇರಿಸಿ ಹೊರಗೆ ಓಡಿದಳು.

ರಸ್ತೆ ತಟ್ಟನೆ ಸ್ಪಷ್ಟವಾಯಿತು. ಅಂಗಡಿಯ ಬೋರ್ಡು, ಬಸ್ ಸ್ಟಾಪು, ಅಲ್ಲಿ ನೀಲಿ ಅಂಗಿ. ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿದ್ದರು. ಕಿವಿ ಎರಡೂ ಅಗಲ ಅಗಲ.

"ಅಂಕಲ್! ಹೋಗ್ಬೇಡಿ!"

ಅವರು ತಿರುಗಿದರು. "ಪರವಾಗಿಲ್ಲಮ್ಮ. ಅವರು ನನ್ನನ್ನ ನೋಡಿದ್ರು. ನಾನು ಕೈಬೀಸಿದೆ. ಮುಖ ತಿರುಗಿಸಿ ಕೂತುಬಿಟ್ರು. ನನ್ನ ಮೋರೆ ಹಿಡಿಸಲಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಬಹುದಿತ್ತು, ಅಷ್ಟೇ."

"ಅವಳು ನಿಮ್ಮನ್ನ ನೋಡೇ ಇಲ್ಲ ಅಂಕಲ್! ಕನ್ನಡಕ ಇಲ್ದೆ ಅವಳಿಗೆ ಏನೂ ಕಾಣಲ್ಲ. ನಾನೇ ತೆಗೆಸಿದ್ದು... ಚಂದ ಕಾಣಲಿ ಅಂತ."

"ಫೋಟೋದಲ್ಲಿ ಕನ್ನಡಕ ಚೆನ್ನಾಗಿಯೇ ಇತ್ತಲ್ಲ," ಎಂದರು. ಅವರ ಕಿವಿ ಕೆಂಪಾಯಿತು.

ಅವರು ಊರಿನ ಬಸ್ಸುಗಳ ಟೈಮ್‌ಟೇಬಲ್ ಬರೆಯುವವರಂತೆ. ವಾಪಸು ಬಂದು ಕೂತ ಐದು ನಿಮಿಷಕ್ಕೇ ಚಿಕ್ಕಮ್ಮ ನೀರಿನ ಲೋಟ ಬೆಳಕಿಗೆ ಹಿಡಿದಳು. ಚೂಟಿ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಆದರೆ ಅವರು, "ಏನು ಕಾಣುತ್ತೆ?" ಎಂದು ತಮ್ಮ ಲೋಟವನ್ನೂ ಎತ್ತಿ ಹಿಡಿದರು. ಆಮೇಲೆ ಕೊಳಚೆ ನೀರು ಬಂತು, ಪೈಪು ಬಂತು, ಬಸ್ಸು ಯಾಕೆ ಮೂರು ಒಟ್ಟಿಗೇ ಬರುತ್ತವೆ ಎನ್ನುವುದೂ ಬಂತು. ತಾವೇ ಟೈಮ್ ಬರೆದ ನಾಲ್ಕು ಬಸ್ಸು ಹೋದರೂ ಅವರು ಏಳಲಿಲ್ಲ. ದಪ್ಪ ಗಾಜಿನ ಹಿಂದೆ ಚಿಕ್ಕಮ್ಮನ ಕಣ್ಣು ಮಿನುಗುತ್ತಿತ್ತು. ಇಷ್ಟು ಚಂದವಿದ್ದಾಳೆ ಎಂದು ಚೂಟಿಗೆ ಗೊತ್ತೇ ಇರಲಿಲ್ಲ.

ಚೂಟಿಯ ಕೇಕ್ ಮಾತ್ರ ಹಾಗೇ ಉಳಿದಿತ್ತು. ನೋಡಿದ್ರು, ಕೈಬೀಸಿದೆ, ಮುಖ ತಿರುಗಿಸಿಬಿಟ್ರು. ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹದಿನೈದು ದಿನದ ಹಿಂದೆ, ಓಟದ ಪಂದ್ಯ ಮುಗಿದಾಗ, ಮೈದಾನದ ಆ ತುದಿಯಿಂದ ಯಾರೋ ಎರಡೂ ಕೈ ಎತ್ತಿ ಆಡಿಸುತ್ತಿದ್ದರು. ಯಾರಿಗೋ ಇರಬೇಕು ಎಂದು ಚೂಟಿ ತಿರುಗಿ ನಡೆದುಬಿಟ್ಟಿದ್ದಳು. ಆವತ್ತು ಓಟದಲ್ಲಿ ಮೊದಲು ಬಂದವಳು ಉದ್ದಜಡೆ.

ಸೋಮವಾರ ಬೀದಿಯ ತಿರುವಿನಲ್ಲಿ ಅಭ್ಯಾಸದಂತೆ ಚೂಟಿಯ ಕೈ ಕನ್ನಡಕಕ್ಕೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಕೆಳಗಿಳಿಯಿತು.

ಗೇಟಿನಲ್ಲಿ ಆ ಹುಡುಗ ಕಾದೇ ಇದ್ದ. "ಬಂತಪ್ಪಾ, ಸೋಡಾಬುಡ್ಡಿ!"

ಚೂಟಿಯ ಮುಖ ಬಿಸಿಯಾಯಿತು. ಆದರೂ ಅವನನ್ನು ದಾಟಿ ಮೈದಾನದ ಆ ತುದಿಗೆ ನೋಡಿದಳು. ಉದ್ದಜಡೆ ಒಬ್ಬಳೇ ಕೂತು ಜಡೆಯ ರಿಬ್ಬನ್ ಬಿಗಿಯುತ್ತಿದ್ದಳು. ಹಸಿರು ರಿಬ್ಬನ್.

ಚೂಟಿ ಎರಡೂ ಕೈ ಎತ್ತಿ ಜೋರಾಗಿ ಆಡಿಸಿದಳು.

ಉದ್ದಜಡೆ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೋ ಏನೋ ಎಂದು. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಅವಳ ಒಂದು ಕೈ ಮೆಲ್ಲಗೆ, ಭುಜದವರೆಗೆ ಮಾತ್ರ, ಮೇಲೆದ್ದಿತು. ಅಷ್ಟು ದೂರದಿಂದಲೂ ಚೂಟಿಗೆ ಅದು ಕಂಡಿತು.