ಡಕೋಟಾದಲ್ಲಿ ಕಾವಿಗೆ ಕೂತ ಕೋಳಿ

ವಿಮಾನದ ಬಾಗಿಲಲ್ಲಿ ತಲೆ ಹಾಕಿದ್ದೇ ತಡ, ರೇಣು ಮೂಗು ಮುಚ್ಚಿಕೊಂಡಳು.

ಎಲ್ಲಿ ನೋಡಿದರೂ ಕೋಳಿ ಹಿಕ್ಕೆ! ಪೈಲಟ್ ಸೀಟಿನ ಮೇಲೆ ಕೆಂಪು ಕೋಳಿಯೊಂದು ಕಾವಿಗೆ ಕೂತಿತ್ತು. ಒಂದು ಹೆಜ್ಜೆ ಒಳಗಿಟ್ಟಳು, ಚಪ್ಪಲಿ ಪಚಕ್ಕೆಂದಿತು.

ಛೀ... ಇಲ್ಲಿಗೆ ಅಪ್ಪನನ್ನು ಕರೆತರಲೇ?

ಅವಳಪ್ಪ ಬಾಳು ವಾಯುಸೇನೆಯಲ್ಲಿ ಇಂಥದೇ ಡಕೋಟಾಗಳ ಮೆಕ್ಯಾನಿಕ್ ಆಗಿದ್ದವನು. ಎರಡು ಎಂಜಿನ್‌ಗಳ ಆ ವಿಮಾನ ಹಿಮದ ಬೆಟ್ಟಗಳಿಗೆ ಅಕ್ಕಿ ಚೀಲ ಹೊತ್ತ ಕಥೆ ಕೇಳಿಯೇ ಅವಳು ಬೆಳೆದಿದ್ದಳು. ಈಗ ಅವನ ಕಣ್ಣು ಮಂಜಾಗುತ್ತಿತ್ತು. ಬೈಲಹೊಂಗಲದ ಗುಜರಿಯಲ್ಲೊಂದು ಡಕೋಟಾ ಇದೆಯೆಂಬ ಸುದ್ದಿ ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಅವರೂರು ಮುರಗೋಡ ಮುಟ್ಟಿದಾಗಿನಿಂದ ಅವನದು ಒಂದೇ ಹಟ, ಕಣ್ಣು ಪೂರ್ತಿ ಹೋಗುವ ಮೊದಲು ಅದನ್ನು ನೋಡಬೇಕು.

ಮೊಟ್ಟೆ ಬುಟ್ಟಿ ಹಿಡಿದು ಬಂದವನು ಯುವರಾಜ, ಗುಜರಿಯ ಮಾಲೀಕ ಶಟ್ಟೆಪ್ಪನ ಸೋದರಳಿಯ. ತಲೆಯಲ್ಲೊಂದು ಪುಕ್ಕ ಬೇರೆ. ಅವನನ್ನು ಕಂಡೇ ಅವಳಿಗೆ ಅಸಹ್ಯವಾಯಿತು.

"ನಾಚಿಕಿ ಬರೂದಿಲ್ಲೇನ್ರಿ? ನಮ್ಮಪ್ಪ ಇದನ್ನ ದೇವರಂಗ ಒರಸತಿದ್ದ."

ಅವನು ತಲೆ ತಗ್ಗಿಸಿ, ಬುಟ್ಟಿ ಹಿಡಿದು ವಿಮಾನದೊಳಗೆ ಹೋದ.

ನಲ್ಲಿಯಲ್ಲಿ ಚಪ್ಪಲಿ ತೊಳೆಯುವಾಗ ಅವನ ತಾಯಿ ಪದ್ಮವ್ವ ಎಲ್ಲ ಹೇಳಿದಳು. ಶಟ್ಟೆಪ್ಪ ವಿಮಾನ ತಂದದ್ದೇ ಒಡೆದು ಮಾರಲಿಕ್ಕೆ. ಇದರ ಜೋಡಿಯವು ಇನ್ನೂ ಎಲ್ಲೆಲ್ಲೋ ಹಾರುತ್ತಿವೆ, ಇದನ್ನು ಒಡೆಯುವುದು ಬೇಡವೆಂದು ಯುವರಾಜ ಗೋಗರೆದರೂ ಮಾವ ಕೇಳಿರಲಿಲ್ಲ.

"ಕಾವಿಗಿ ಕುಂತ ಕೋಳಿ ಎಬ್ಬಸಿದ್ರ ಪಾಪ ಹತ್ತತೈತಿ ಅಂತ ನಮ್ಮಣ್ಣ ಭಾಳ ಅಂಜತಾನವ್ವ. ಅದಕ್ಕ ವಿಮಾನ ಉಳಸಾಕ ಇವ ಒಂದು ಎದ್ದ ಕೂಡಲೇ ಇನ್ನೊಂದು ಕುಂಡ್ರಸತಾನ. ಇವಗೂ ಕೋಳಿ ಅಂದ್ರ ಹೇಸಿಕಿ. ಉಂಡದ್ದು ಕಕ್ಕಿ ಬಂದು, ಮತ್ತ ಒಳಗ ಹೋಗತಾನ."

ರೇಣು ವಿಮಾನದತ್ತ ಓಡಿದಳು.

ಒಳಗೆ ಯುವರಾಜ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಓಕರಿಸುತ್ತ ಹಿಕ್ಕೆ ಕೆರೆಯುತ್ತಿದ್ದ. ನಾತ ಹಾಗೇ ಇತ್ತು. ಆದರೂ ಹಿಕ್ಕೆಯ ಮೇಲೆಯೇ ಕಾಲಿಟ್ಟು ಒಳಗೆ ಬಂದಳು.

"ತಪ್ಪಾತ್ರಿ... ಈ ಕೋಳಿ ಯಾವಾಗ ಏಳತೈತಿ?"

"ನಾಡದು ಮರಿ ಬರ್ತಾವ. ಮುಂದ ಕುಂಡ್ರಸಾಕ ಇನ್ನೊಂದು ಕೋಳಿ ಇಲ್ಲ," ಅವನು ಕೆರೆಯುವುದನ್ನು ನಿಲ್ಲಿಸಿದ. "ಮಾವ ಕಟ್ಟರ್ ತರಾಕ ಹೇಳ್ಯಾನ."

"ನಮ್ಮ ಮನ್ಯಾಗೊಂದು ಕಾವಿಗಿ ಬಂದೈತಿ. ನಾಳೆ ಅಪ್ಪನ ಜೋಡಿ ತರತೇನಿ."

"ಅದೂ ಎದ್ದ ಮ್ಯಾಲೆ?"

"ಮತ್ತೊಂದು ತರತೇನಿ."

"ಹಿಂಗ ಎಷ್ಟ ದಿನಾ?"

"ನೀವು ಸಾಕು ಅನ್ನೂತನಕ."

ಅವನು ಕರವಸ್ತ್ರ ಕೆಳಗಿಳಿಸಿ, ಮೊದಲ ಸಲ ಅವಳ ಕಣ್ಣು ನೋಡಿದ.

"ನಾ ಅನ್ನಂಗಿಲ್ರಿ."